ಅತ್ತಿಗೆಯ ಆಲೂಗಡ್ಡೆ ಹಕ್ಕಿಗಳು

ನಮ್ಮ ಮನೆಗೆ ಊಟಕ್ಕೆ ಬಂದವರಿಗೆ ತಟ್ಟೆ, ಲೋಟ, ಚಮಚದ ಜೊತೆ ಒಂದೊಂದು ಸುತ್ತಿಗೆಯನ್ನೂ ಇಡುತ್ತೇವೆ. ಸಣ್ಣ ಸುತ್ತಿಗೆ, ಫೋಟೋ ನೇತುಹಾಕಲು ಮೊಳೆ ಹೊಡೆಯುವಂಥದ್ದು. ಅವುಗಳ ಹಿಡಿಗೆ ಕೆಂಪು ಬಣ್ಣ ಬಳಿದವನು ನಮ್ಮಣ್ಣ. ಶನಿವಾರ ಮಧ್ಯಾಹ್ನ ಅವನು ಬೇರೆ ಯಾವ ಕೆಲಸಕ್ಕೂ ಕೈ ಹಾಕುವುದಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಒಂದೊಂದೇ ಸುತ್ತಿಗೆಯನ್ನು ಬಟ್ಟೆಯಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಉಜ್ಜುತ್ತಾನೆ. ಅದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಹೇಳಿದರೆ "ನಿನಗೆ ಹೊಟ್ಟೆಕಿಚ್ಚು" ಎನ್ನುತ್ತಾನೆ. ಸುತ್ತಿಗೆ ಕಂಡು ಹೊಟ್ಟೆಕಿಚ್ಚು ಪಡುವಷ್ಟು ನಾನಿನ್ನೂ ಕೆಟ್ಟಿಲ್ಲ.

ಈ ಸುತ್ತಿಗೆಗಳ ಕತೆಯೆಂದರೆ ನನ್ನ ಅತ್ತಿಗೆಯ ಕತೆ. ಅಣ್ಣನ ಕತೆಯೆಂದು ಊರಲ್ಲಿ ಎಲ್ಲರೂ ತಿಳಿದಿದ್ದಾರೆ, ಅದು ಬೇರೆ ಮಾತು.

ಅಣ್ಣ ಕಿಟಕಿ ಬಾಗಿಲು ತಯಾರಿಸುವ ಕಂಪನಿಯೊಂದರ ಏಜೆಂಟು. ನಾನು ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅವನ ಮನೆಯಲ್ಲೇ ಉಳಿದವಳು. ಮುಖ್ಯ ಬೀದಿಯ ಔಷಧಿ ಅಂಗಡಿಯಲ್ಲಿ ನನ್ನ ಕೆಲಸ. ನಾವಿರುವ ಬಾಡಿಗೆ ಮನೆ ಮೊದಲು ಒಂದು ಬೇಕರಿಯಾಗಿತ್ತು. ಹಿತ್ತಲಲ್ಲಿ ಬ್ರೆಡ್ಡು ಸುಡುತ್ತಿದ್ದ ಇಟ್ಟಿಗೆಯ ದೊಡ್ಡ ಒಲೆ ಇನ್ನೂ ಇದೆ. ನಾವು ಬಂದ ಹೊಸದರಲ್ಲಿ ಅದರೊಳಗೆ ಮುರಿದ ಕೊಡೆ, ಹಳೆ ಚಪ್ಪಲಿ ತುಂಬಿಡುತ್ತಿದ್ದೆವು. ಮುಂದಿನ ಕೋಣೆ ವಿಶಾಲವಾಗಿದೆ, ಗಾಳಿ ಬೆಳಕು ಬೇಕಾದಷ್ಟು. ಅಡುಗೆಮನೆಗೆ ಮಾತ್ರ ಕಿಟಕಿಯಿಲ್ಲ. ಹೊಗೆ ಹೋಗಲು ಸೂರಿನ ಹತ್ತಿರ ಒಂದು ಕಂಡಿ, ಅಷ್ಟೆ. ಊರಿಗೆಲ್ಲ ಕಿಟಕಿ ಮಾರುವವನ ಹೆಂಡತಿ ಹಾಡಹಗಲೇ ಬಲ್ಬು ಹಾಕಿಕೊಂಡು ಅಡುಗೆ ಮಾಡುತ್ತಾರೆ. ಕೇಳಿದರೆ "ಬಾಡಿಗೆ ಮನೆ ಕಣೇ, ಗೋಡೆ ಒಡೆಯೋಕೆ ಆಗಲ್ಲ" ಎನ್ನುತ್ತಾನೆ ಅಣ್ಣ. ಒಡೆಯುವ ವಿಷಯದಲ್ಲಿ ನಮ್ಮ ಮನೆಗೆ ಇರುವ ಸಂಕೋಚ ಅದೊಂದೇ.

ಅತ್ತಿಗೆ ಮದುವೆಗೆ ಮುಂಚೆ ಊರಾಚೆಯ ಪಿಂಗಾಣಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಕಪ್ಪಿಗೆ ಕಿವಿ ಅಂಟಿಸುವ ಕೆಲಸ. ನಾವು ಕಪ್ಪಿನ ಹಿಡಿ ಎನ್ನುತ್ತೇವಲ್ಲ, ಅದು ಅಲ್ಲಿನವರ ಬಾಯಲ್ಲಿ ಕಿವಿ. ಮಣ್ಣು ಚೂರು ಹೆಚ್ಚು ಒಣಗಿದರೆ ಕಿವಿ ಕೂರುವುದಿಲ್ಲ, ಚೂರು ಹಸಿಯಾಗಿದ್ದರೆ ಜಾರುತ್ತದೆ. ಕೈಬೆರಳಿಗೆ ಮಾತ್ರ ಗೊತ್ತಾಗುವ ಆ ಹದದಲ್ಲಿ ಅತ್ತಿಗೆ ದಿನಕ್ಕೆ ಬುಟ್ಟಿಗಟ್ಟಲೆ ಕಿವಿ ಅಂಟಿಸುತ್ತಿದ್ದರು. ಆದರೆ ಕಣ್ಣೆಲ್ಲ ಪಕ್ಕದ ಮಾದರಿ ಕೋಣೆಯ ಮೇಲೆ. ಹೊಸ ಕಪ್ಪು, ಹೊಸ ಹೂಜಿ, ಹೊಸ ಬೊಂಬೆ ಯಾವುದೇ ಬರಲಿ, ಮೊದಲು ಅದನ್ನು ಕೈಯಲ್ಲೇ ಮಾಡುವುದು ಆ ಕೋಣೆಯಲ್ಲಿ. ಆಮೇಲೆ ಅದರಿಂದ ಅಚ್ಚು ತೆಗೆದು ಸಾವಿರಾರು ಮಾಡುತ್ತಾರೆ. ಅಲ್ಲಿನ ಮುದುಕ ಮೇಸ್ತ್ರಿ ಅತ್ತಿಗೆಯ ಕೈ ನೋಡಿ "ನಿನ್ನನ್ನ ಇಲ್ಲಿಗೇ ಹಾಕಿಸ್ಕೋತೀನಿ ಮಗಳೇ" ಎಂದಿದ್ದರಂತೆ. ಅಷ್ಟರಲ್ಲಿ ಮದುವೆ ಗೊತ್ತಾಯಿತು. ಅಣ್ಣ "ನೀನ್ಯಾಕೆ ಮಣ್ಣಲ್ಲಿ ಒದ್ದಾಡ್ಬೇಕು, ನಾನಿಲ್ವಾ?" ಎಂದ. ಪ್ರೀತಿಯಿಂದಲೇ ಅಂದದ್ದು. ನಮ್ಮಣ್ಣನ ತೊಂದರೆಯೇ ಅದು, ಅವನು ಏನು ಮಾಡಿದರೂ ಪ್ರೀತಿಯಿಂದಲೇ ಮಾಡುತ್ತಾನೆ. ಬೈಯುವುದಕ್ಕೆ ಒಂದು ಹಿಡಿ ಜಾಗ ಬಿಡುವುದಿಲ್ಲ.

ಮದುವೆಯಾಗಿ ಬರುವಾಗ ಅತ್ತಿಗೆ ಒಂದು ಬಕೆಟ್ಟು ಮಣ್ಣು ತಂದಿದ್ದರು. ಬೇರೆ ಹೆಣ್ಣುಮಕ್ಕಳು ಒಡವೆ ಪೆಟ್ಟಿಗೆ ಜೋಪಾನ ಮಾಡುವ ಹಾಗೆ ಅದಕ್ಕೆ ಒದ್ದೆ ಗೋಣಿ ಮುಚ್ಚಿ ಹಿತ್ತಲಲ್ಲಿ ಇಟ್ಟುಕೊಂಡಿದ್ದರು. ಬೇಜಾರಾದಾಗ ಏನಾದರೂ ಮಾಡಿ, ಕೆಡಿಸಿ, ಮತ್ತೆ ಬಕೆಟ್ಟಿಗೆ ಹಾಕುತ್ತಿದ್ದರು.

ಒಂದು ಶನಿವಾರ ಅಣ್ಣ ಹೇಳದೆ ಕೇಳದೆ ತನ್ನ ಮೇಲಧಿಕಾರಿಯನ್ನೂ ಇಬ್ಬರು ಕಟ್ಟಡ ಕಂಟ್ರಾಕ್ಟರುಗಳನ್ನೂ ಊಟಕ್ಕೆ ಕರೆದುಬಿಟ್ಟ. ಸಂಜೆಗೆ ಬರುತ್ತಾರೆ ಎಂದು ಮಧ್ಯಾಹ್ನ ಹೇಳಿದ. ಗ್ಯಾಸು ಬೆಳಗ್ಗೆಯೇ ಖಾಲಿಯಾಗಿತ್ತು. ಮನೆಯಲ್ಲಿ ಇದ್ದದ್ದು ಒಂದು ಚೀಲ ಆಲೂಗಡ್ಡೆ, ಒಂದು ಎಲೆಕೋಸು, ಬೆಣ್ಣೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಅತ್ತಿಗೆ ಮಾತ್ರ ಸುಮ್ಮನೆ ಸೆರಗು ಸಿಕ್ಕಿಸಿ, ಒಲೆಯೊಳಗಿನ ಕೊಡೆ ಚಪ್ಪಲಿಗಳನ್ನೆಲ್ಲ ಎಳೆದು ಹೊರಗೆ ಹಾಕಿ ಬೆಂಕಿ ಹೊತ್ತಿಸಿದರು. ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಅವರೆಲ್ಲ ಆಲೂಗಡ್ಡೆಗೆ ಮಣ್ಣು ಮೆತ್ತಿ ಕಪ್ಪು ಸುಡುವ ಭಟ್ಟಿಯ ಬಾಯಲ್ಲಿ ಇಡುತ್ತಿದ್ದರಂತೆ. ಅತ್ತಿಗೆ ಅದನ್ನೇ ಸ್ವಲ್ಪ ನಾಜೂಕಾಗಿ ಮಾಡಿದರು. ಸಿಪ್ಪೆ ತೆಗೆಯದ ಆಲೂಗಡ್ಡೆಯನ್ನು ಅರ್ಧಕ್ಕೆ ಸೀಳಿ, ಜಜ್ಜಿದ ಬೆಳ್ಳುಳ್ಳಿ, ಮೆಣಸು, ಉಪ್ಪು ಬೆರೆಸಿದ ಬೆಣ್ಣೆಯನ್ನು ಸೀಳಿಗೆ ತುಂಬಿ, ಎಲೆಕೋಸಿನ ಎಲೆಯಲ್ಲಿ ಸುತ್ತಿ, ಅದರ ಮೇಲೆ ಲಟ್ಟಿಸಿದ ಮಣ್ಣಿನ ಹಾಳೆ ಹೊದಿಸಿದರು. ಅಷ್ಟಕ್ಕೇ ಬಿಡಬಹುದಿತ್ತು. ಕೈ ಸುಮ್ಮನಿರಬೇಕಲ್ಲ! ಉಂಡೆಗೆ ಒಂದು ಕೊಕ್ಕು ಎಳೆದರು, ಎರಡು ರೆಕ್ಕೆ ಒತ್ತಿದರು, ಬಾಚಣಿಗೆಯಿಂದ ಪುಕ್ಕದ ಗೆರೆ ಹಾಕಿದರು. ಉಗಿ ಹೋಗಲು ಬಾಲದ ಕೆಳಗೆ ಬೆಂಕಿಕಡ್ಡಿಯಿಂದ ಒಂದು ತೂತು. ಸಂಜೆ ಮೇಜಿನ ಮೇಲೆ ಆರು ಹಕ್ಕಿಗಳು ಕಾವು ಕೂತಂತೆ ಕೂತಿದ್ದವು.

ಒಡೆಯಲು ಏನೂ ಸಿಗದೆ ಅಣ್ಣ ಉಪಕರಣದ ಪೆಟ್ಟಿಗೆಯಿಂದ ಸುತ್ತಿಗೆ ತಂದ. ಮೇಲಧಿಕಾರಿ ಟಪ್ ಎಂದು ಬಡಿದ. ಚಿಪ್ಪು ಬಿರಿಯಿತು, ಬೆಳ್ಳುಳ್ಳಿ ಬೆಣ್ಣೆಯ ಹಬೆ ಮುಖಕ್ಕೆ ಹೊಡೆಯಿತು, ಎಲೆ ಬಿಡಿಸಿದರೆ ಬೆಣ್ಣೆಯಂತೆಯೇ ಮೆತ್ತಗಾದ ಆಲೂಗಡ್ಡೆ. ಆ ಮನುಷ್ಯ ಸಣ್ಣ ಮಗುವಿನ ಹಾಗೆ ಚಪ್ಪಾಳೆ ತಟ್ಟಿದ. ಮರುದಿನವೇ ಇಬ್ಬರು ಕಂಟ್ರಾಕ್ಟರುಗಳೂ ಕಿಟಕಿಗೆ ಆರ್ಡರು ಕೊಟ್ಟರು. ಅಣ್ಣ ಅತ್ತಿಗೆಯ ಕೈ ಹಿಡಿದು "ನೀನು ನಮ್ಮನೆ ಲಕ್ಷ್ಮಿ ಕಣೇ" ಎಂದ. ಅತ್ತಿಗೆ ನಾಚಿಕೊಂಡರು. ಅವರು ಅವತ್ತೇ ಸಿಕ್ಕಿಬಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ಆಮೇಲೆ ಪ್ರತಿ ಶನಿವಾರ ಅದೇ. ಈ ವಾರ ಕಂಟ್ರಾಕ್ಟರು, ಮುಂದಿನ ವಾರ ಇಂಜಿನಿಯರು, ಅದರಾಚೆ ವಾರ ಇಂಜಿನಿಯರಿನ ಭಾವಮೈದ. ಅಣ್ಣ ಒಂದು ಭಾಷಣವನ್ನೂ ರೂಢಿ ಮಾಡಿಕೊಂಡ. ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಇದು ನನ್ನ ಹೆಂಡತಿಯ ತವರಿನ ಗುಟ್ಟು, ಬೇರೆ ಎಲ್ಲೂ ಸಿಗಲ್ಲ. ಸುತ್ತಿಗೆ ಎತ್ತಿ, ಸಂಕೋಚ ಬೇಡ!" ಅತ್ತಿಗೆಯ ತವರಿನಲ್ಲಿ ಯಾರೂ ಆಲೂಗಡ್ಡೆಗೆ ಮಣ್ಣು ಮೆತ್ತಿದವರಲ್ಲ. ಆದರೆ ಅಣ್ಣನ ಬಾಯಿಗೆ ಬೀಗ ಹಾಕುವವರು ಯಾರು?

ಅತ್ತಿಗೆಯ ವಾರ ಶನಿವಾರದ ಸುತ್ತಲೇ ತಿರುಗತೊಡಗಿತು. ಶುಕ್ರವಾರ ಮಣ್ಣು ನಾದಬೇಕು. ಶನಿವಾರ ಬೆಳಗ್ಗೆ ಹಕ್ಕಿ ಮಾಡಬೇಕು, ಮಧ್ಯಾಹ್ನ ಒಲೆ ಕಾಯಿಸಿ, ಕೆಂಡ ಪಕ್ಕಕ್ಕೆ ಎಳೆದು, ಹಕ್ಕಿ ಕೂರಿಸಿ, ಒಲೆಯ ಬಾಗಿಲಿನ ಸಂದಿಗೆ ಮಣ್ಣು ಮೆತ್ತಬೇಕು. ಅವರ ತಮ್ಮನ ಮದುವೆ ಶನಿವಾರವೇ ಬಿತ್ತು. ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸು ಬಂದು ಒಲೆ ಹೊತ್ತಿಸಿದರು. ಜ್ವರ ಬಂದಾಗ ಶಾಲು ಹೊದ್ದು ಮಾಡಿದರು. ಒಮ್ಮೆ "ಈ ಶನಿವಾರ ಬೇರೆ ಏನಾದ್ರೂ ಮಾಡ್ಲಾ?" ಎಂದು ಅಣ್ಣನನ್ನು ಕೇಳಿದ್ದರು. ಅಣ್ಣನ ಮುಖ ಹೇಗೆ ಸಪ್ಪೆಯಾಯಿತೆಂದರೆ, ಅತ್ತಿಗೆಯೇ "ಬಿಡ್ರೀ, ಸುಮ್ನೆ ಕೇಳ್ದೆ" ಎಂದು ಅವನನ್ನು ಸಮಾಧಾನ ಮಾಡಬೇಕಾಯಿತು.

ಹಕ್ಕಿಗಳು ಮಾತ್ರ ವಾರದಿಂದ ವಾರಕ್ಕೆ ಚೆನ್ನಾಗುತ್ತಾ ಹೋದವು. ಹಿತ್ತಲ ತಂತಿಯ ಮೇಲೆ ಕೂರುವ ಕಾಗೆ, ಗುಬ್ಬಿ, ಪಾರಿವಾಳಗಳನ್ನೆಲ್ಲ ಅತ್ತಿಗೆ ನೋಡಿ ನೋಡಿ ಮನಸ್ಸಿಗೆ ಇಳಿಸಿಕೊಂಡಿದ್ದರು. ಒಂದರಂತೆ ಒಂದಿಲ್ಲ. ಒಂದು ಕತ್ತು ಒಳಗೆಳೆದುಕೊಂಡು ಮುನಿಸಿಕೊಂಡಿದ್ದರೆ ಇನ್ನೊಂದು ಬೆನ್ನು ಕೆರೆದುಕೊಳ್ಳುತ್ತಿತ್ತು. ಒಮ್ಮೆ ಒಂದು ಮುದಿ ಪಾರಿವಾಳ ಮಾಡಿದ್ದರು. ನಮ್ಮ ಔಷಧಿ ಅಂಗಡಿಯ ಯಜಮಾನರು ಮಧ್ಯಾಹ್ನ ತೂಕಡಿಸುವ ಭಂಗಿಯೇ ಅದು! ನಾನು ಬಿದ್ದು ಬಿದ್ದು ನಕ್ಕೆ. ಅತಿಥಿಗಳು ಹಕ್ಕಿಯನ್ನು ಕೈಗೆತ್ತಿಕೊಂಡು "ಅಯ್ಯೋ, ಎಷ್ಟು ಚೆನ್ನಾಗಿದೆ, ಒಡೆಯೋಕೆ ಮನಸ್ಸೇ ಬರಲ್ಲ" ಎನ್ನುತ್ತಿದ್ದರು. ಮನಸ್ಸು ಬರುವುದಿಲ್ಲ ಎಂದು ಒಡೆಯದೆ ಬಿಟ್ಟವರನ್ನು ನಾನು ಇದುವರೆಗೆ ನೋಡಿಲ್ಲ.

ಭಾನುವಾರ ಬೆಳಗ್ಗೆ ಅತ್ತಿಗೆ ಚೂರುಗಳನ್ನು ಗುಡಿಸಿ ಬಕೆಟ್ಟಿನ ನೀರಿಗೆ ಹಾಕುತ್ತಿದ್ದರು. ಬ್ರೆಡ್ಡಿನ ಒಲೆಯ ಕಾವಿಗೆ ಮಣ್ಣು ಒಣಗುತ್ತದೆಯೇ ಹೊರತು ಬೇಯುವುದಿಲ್ಲ. ನೀರಿಗೆ ಬಿದ್ದರೆ ಮತ್ತೆ ಕರಗಿ ಕೆಸರಾಗುತ್ತದೆ. ಅದೇ ಮಣ್ಣು ಮುಂದಿನ ಶನಿವಾರಕ್ಕೆ. ಒಂದು ಭಾನುವಾರ ಆ ಬಕೆಟ್ಟನ್ನೇ ನೋಡುತ್ತಾ ಕೂತಿದ್ದವರು, "ಪುಟ್ಟೀ, ಸರಿಯಾಗಿ ಬೆಂದ ಮಣ್ಣು ಮತ್ತೆ ಕೆಸರಾಗಲ್ಲ. ಎಷ್ಟೇ ನೀರು ಹಾಕು, ಅದು ಅದೇ. ನಾನು ಈ ಮನೆಗೆ ಬಂದಮೇಲೆ ಅಂಥದ್ದು ಒಂದೂ ಮಾಡಿಲ್ಲ" ಎಂದರು. ಅಣ್ಣನ ಮೇಲೆ ಕಾಲು ಕೆರೆದು ಜಗಳಕ್ಕೆ ಹೋಗಬೇಕೆನಿಸಿತು. ಏನೆಂದು ಜಗಳವಾಡಲಿ? ಹೆಂಡತಿಯನ್ನು ತುಂಬಾ ಹೊಗಳುತ್ತೀಯಾ ಎಂದೇ?

ಹೀಗಿರುವಾಗ ಒಂದು ದಿನ ಗುಂಡಕ್ಕ ನಮ್ಮ ಅಂಗಡಿಗೆ ನೋವಿನ ಮುಲಾಮು ಕೊಳ್ಳಲು ಬಂದಳು. ಅತ್ತಿಗೆಯ ಜೊತೆ ಕಿವಿ ಅಂಟಿಸುತ್ತಿದ್ದವಳು, ಈಗಲೂ ಅದೇ ಬೆಂಚಿನಲ್ಲಿ ಇದ್ದಾಳೆ. "ಮಾದರಿ ಕೋಣೆ ಮೇಸ್ತ್ರಿಗೆ ಕಣ್ಣು ಕಾಣ್ತಿಲ್ಲ, ಕೆಲಸ ಬಿಟ್ರು. ಯಜಮಾನ್ರು ಕೈಯಲ್ಲಿ ಕಸುಬು ಇರೋರನ್ನ ಹುಡುಕ್ತಾ ಇದಾರೆ. ನಿಮ್ಮತ್ತಿಗೆಗೆ ಹೇಳಮ್ಮ" ಎಂದಳು. ನಾನು ಸಂಜೆ ಓಡಿಕೊಂಡು ಬಂದು ಹೇಳಿದೆ. ಸಾರು ಕಲಕುತ್ತಿದ್ದ ಅತ್ತಿಗೆಯ ಕೈ ನಿಂತಿತು.

"ನನ್ನ ಕೈ ಈಗ ಬರುತ್ತೋ ಇಲ್ವೋ" ಎಂದರು.

"ವಾರಾವಾರ ಆ ಹಕ್ಕಿಗಳನ್ನ ಮಾಡ್ತಿರೋದು ಏನು, ಕಾಲಾ?" ಎಂದೆ ನಾನು.

ಅವರು ಅಣ್ಣನನ್ನು ಕೇಳಿದರು. ಅಣ್ಣ ಬೇಡ ಎನ್ನಲಿಲ್ಲ. ಅವನು ಎಂದೂ ಬೇಡ ಎನ್ನುವವನಲ್ಲ. "ಹೋಗೇ, ಯಾರು ಬೇಡ ಅಂದ್ರು? ಈ ತಿಂಗಳ ಊಟಗಳೆಲ್ಲ ಮುಗೀಲಿ, ಆಮೇಲೆ ನೋಡೋಣ" ಎಂದು ನಕ್ಕು ಟವೆಲು ಹುಡುಕತೊಡಗಿದ. ಆಮೇಲೆ ನೋಡೋಣ ಎಂದದ್ದನ್ನು ನಮ್ಮ ಮನೆಯಲ್ಲಿ ಯಾರೂ ನೋಡಿದ್ದಿಲ್ಲ.

ಆದರೆ ಅದೃಷ್ಟವೋ ಏನೋ, ಅದೇ ವಾರ ಅಣ್ಣ ಕುಣಿದಾಡುತ್ತಾ ಬಂದ. ಪಿಂಗಾಣಿ ಕಾರ್ಖಾನೆಯವರು ಹೊಸ ಮಾರಾಟ ಮಳಿಗೆ ಕಟ್ಟಿಸುತ್ತಿದ್ದಾರೆ, ಎಲ್ಲಾ ಕಡೆ ಗಾಜಿನ ಗೋಡೆ, ಯಜಮಾನರು ಶನಿವಾರ ಹೆಂಡತಿಯ ಜೊತೆ ನಮ್ಮ ಮನೆಗೇ ಊಟಕ್ಕೆ ಬರುತ್ತಿದ್ದಾರೆ! ಅಣ್ಣನಿಗೆ ಅದು ಗಾಜಿನ ಆರ್ಡರು. ಅತ್ತಿಗೆಗೆ ಅದು ಏನೆಂದು ಅವರ ಮುಖ ನೋಡಿ ನನಗೆ ಗೊತ್ತಾಯಿತು. ಅಣ್ಣ ಅತ್ತ ಹೋದದ್ದೇ ಅವರು ನನ್ನ ಮೊಣಕೈ ಹಿಡಿದುಕೊಂಡರು. "ಒಂದು ಹಕ್ಕಿ ನಿಜವಾಗ್ಲೂ ಬೇಯಿಸ್ಬೇಕು ಪುಟ್ಟೀ. ಅದನ್ನ ಅವರ ಕೈಗೆ ಕೊಟ್ಟು ಕೇಳ್ತೀನಿ. ಬಾಯಲ್ಲಿ ಹೇಳಿದ್ರೆ ಯಾರು ನಂಬ್ತಾರೆ?"

ನಾನು ಬುಧವಾರ ಅಂಗಡಿಗೆ ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದೆ. ತಲೆನೋವಿನ ಮಾತ್ರೆ ಮಾರುವವಳಿಗೇ ತಲೆನೋವು, ಅಂಗಡಿಯ ಯಜಮಾನರಿಗೆ ನಂಬದೆ ಬೇರೆ ದಾರಿಯಿರಲಿಲ್ಲ. ಬೀದಿಯ ಇಸ್ತ್ರಿಯವನಿಂದ ಇದ್ದಿಲು ತಂದೆವು. ಗುಂಡಕ್ಕನ ಸುದ್ದಿ ಕೇಳಿದಂದೇ ಮಾಡಿ ನೆರಳಲ್ಲಿ ಆರಲು ಇಟ್ಟಿದ್ದ ಹಕ್ಕಿಯನ್ನು ಅತ್ತಿಗೆ ತಂದರು. ಅಂಗೈಯಲ್ಲಿ ಕೂರುವಷ್ಟು ದೊಡ್ಡದು. ಒಂದು ಕಾಲ ಮೇಲೆ ನಿಂತು, ತಲೆ ಪಕ್ಕಕ್ಕೆ ತಿರುಗಿಸಿ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಕಾಗೆ. ಒಳಗೆ ಪೊಳ್ಳು. ತಳವಿಲ್ಲದ ಕಬ್ಬಿಣದ ಬಕೆಟ್ಟನ್ನು ಒಲೆಯೊಳಗೆ ಇಟ್ಟು, ಅದರಲ್ಲಿ ಹಕ್ಕಿಯನ್ನು ಇದ್ದಿಲಲ್ಲಿ ಹೂತು, ಬೆಂಕಿ ಹೊತ್ತಿಸಿ, ಟೇಬಲ್ ಫ್ಯಾನು ತಂದು ಗಾಳಿ ಬಿಟ್ಟೆವು. ಬಕೆಟ್ಟು ಕೆಂಪಗಾಯಿತು. ಇಣುಕಲು ಹೋಗಿ ನನ್ನ ಹುಬ್ಬು ಸೀದುಹೋಯಿತು. ಅತ್ತಿಗೆ ಬೆವರೊರೆಸಿಕೊಳ್ಳುತ್ತಾ ಭಟ್ಟಿಯ ಕತೆಗಳನ್ನು ಹೇಳುತ್ತಿದ್ದರು. ಅವರು ಅಷ್ಟು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಬೆಳಗ್ಗೆ ಬೂದಿ ಕೆದಕಿದಾಗ ಕಾಗೆ ಇಡಿಯಾಗಿತ್ತು. ಮೈಯೆಲ್ಲ ಇಟ್ಟಿಗೆಯ ಕೆಂಪು, ಒಂದು ರೆಕ್ಕೆಗೆ ಮಾತ್ರ ಹೊಗೆ ಹಿಡಿದು ಕಪ್ಪಾಗಿತ್ತು. ಅತ್ತಿಗೆ ಉಗುರಿನಿಂದ ಮೀಟಿದರು. ಠಣ್ ಎಂದಿತು. ನಲ್ಲಿಯ ಕೆಳಗೆ ಹಿಡಿದರು. ಒಂದು ಚೂರೂ ಕರಗಲಿಲ್ಲ. ಅತ್ತಿಗೆ ನಕ್ಕ ನಗುವಿಗೆ ನನ್ನ ಸೀದ ಹುಬ್ಬು ಸಾರ್ಥಕವಾಯಿತು.

ಕಾಗೆಯನ್ನು ಅಡುಗೆಮನೆಯ ಶೆಲ್ಫಿನ ಮೇಲೆ ಡಬ್ಬಿಗಳ ನಡುವೆ ಇಟ್ಟರು. ಊಟವಾದ ಮೇಲೆ, ಯಜಮಾನರು ಕೈ ತೊಳೆದು ಕೂತಾಗ, ಅತ್ತಿಗೆಯೇ ಅದನ್ನು ಅವರ ಕೈಗೆ ಕೊಟ್ಟು ಮಾತಾಡಬೇಕು. ಹಾಗೆಂದು ನಿರ್ಧಾರವಾಯಿತು. ಏನು ಮಾತಾಡಬೇಕೆಂದು ಮೂರು ದಿನವೂ ಪಾಠವಾಯಿತು. ಮಣ್ಣು ನಾದುತ್ತಾ, ಬೆಳ್ಳುಳ್ಳಿ ಬಿಡಿಸುತ್ತಾ, "ಸಾರ್, ನಾನು ಮೊದ್ಲು ನಿಮ್ಮಲ್ಲೇ ಕೆಲಸಕ್ಕಿದ್ದೆ..." ಎಂದು ಶುರುಮಾಡುವುದು, ತೊದಲುವುದು, ಮತ್ತೆ ಮೊದಲಿನಿಂದ. ಅಣ್ಣನಿಗೆ ಹೇಳುವುದು ಬೇಡ ಎಂದರು ಅತ್ತಿಗೆ. "ಅವರು ಗಾಜಿನ ಮಾತಾಡೋವಾಗ ನನ್ನ ಮಾತು ಅಡ್ಡ ಬರುತ್ತೆ ಅಂತ ಹೆದರ್ತಾರೆ. ನಾನೇ ಆಮೇಲೆ ಹೇಳ್ತೀನಿ."

ಶನಿವಾರ ಬಂತು. ಯಜಮಾನರು ದಪ್ಪ ಮೀಸೆಯ ಸರಳ ಮನುಷ್ಯ, ಅವರ ಹೆಂಡತಿ ಮಾತಿಗೊಮ್ಮೆ ನಗುವವರು. ಜೊತೆಗೆ ಅವರ ಮ್ಯಾನೇಜರು. ಅಣ್ಣ, ನಾನು, ಅತ್ತಿಗೆ ಸೇರಿ ಆರು ತಟ್ಟೆ, ಆರು ಸುತ್ತಿಗೆ, ಒಲೆಯಲ್ಲಿ ಆರು ಹಕ್ಕಿ. ನಾನು ಅತಿಥಿಗಳಿಗೆ ಶರಬತ್ತು ಕೊಡುತ್ತಿದ್ದೆ. ಹಿತ್ತಲಿನಿಂದ ಡಬ್ ಎಂದು ಸದ್ದು ಬಂತು. ಒಲೆಯೊಳಗೆ ಒಂದು ಹಕ್ಕಿ ಸಿಡಿದಿತ್ತು. ಬಾಲದ ಕೆಳಗಿನ ತೂತು! ಇಷ್ಟು ವರ್ಷ ಎಂದೂ ಮರೆಯದ್ದನ್ನು ಅತ್ತಿಗೆ ಅವತ್ತು ಮಾತಿನ ಪಾಠದ ಗುಂಗಿನಲ್ಲಿ ಮರೆತಿದ್ದರು. ಅವರು ಉಳಿದ ಐದನ್ನು ತಟ್ಟೆಯಲ್ಲಿ ತಂದು ಅಡುಗೆಮನೆಯಲ್ಲಿ ಇಟ್ಟು, ಒಲೆಯಲ್ಲಿ ಸಿಡಿದದ್ದನ್ನು ಕೆರೆದು ತೆಗೆಯಲು ಮತ್ತೆ ಹಿತ್ತಲಿಗೆ ಹೋದರು. ತಮ್ಮ ಪಾಲಿನದು ಹೋಯಿತು, ಅಷ್ಟೇ ತಾನೇ ಎಂದುಕೊಂಡಿದ್ದರಂತೆ.

ಆ ಹೊತ್ತಿಗೆ ಅಣ್ಣ ಅಡುಗೆಮನೆಗೆ ನುಗ್ಗಿದ. ಎಣಿಸಿದ, ಒಂದು ಕಮ್ಮಿ. ತಲೆಯೆತ್ತಿದರೆ ಶೆಲ್ಫಿನ ಮೇಲೆ ಒಂದು ಹಕ್ಕಿ ಕೂತಿದೆ. ಎಲ್ಲದಕ್ಕಿಂತ ಚೆಂದದ್ದು. ಹೆಂಡತಿ ಯಜಮಾನರಿಗೆಂದೇ ಬೇರೆ ಎತ್ತಿಟ್ಟಿದ್ದಾಳೆ ಎಂದುಕೊಂಡ. ಅವನು ಅಂದುಕೊಂಡದ್ದು ಸುಳ್ಳೂ ಅಲ್ಲ! ಅವಸರದಲ್ಲಿ ಅದು ತಣ್ಣಗಿರುವುದನ್ನೂ ಗಮನಿಸದೆ ಕಾಗೆಯನ್ನು ತಂದು ನೇರವಾಗಿ ಯಜಮಾನರ ತಟ್ಟೆಗೆ ಇಟ್ಟ. ನಾನು ಮ್ಯಾನೇಜರಿಗೆ ನೀರು ಬಗ್ಗಿಸುತ್ತಿದ್ದವಳು ತಿರುಗಿ ನೋಡುವಷ್ಟರಲ್ಲಿ ಭಾಷಣ ಮುಗಿದಿತ್ತು. "ಸುತ್ತಿಗೆ ಎತ್ತಿ ಸಾರ್, ಸಂಕೋಚ ಬೇಡ!"

"ಅಣ್ಣಾ, ಅದು ಬೇಡ—" ಎಂದೆ.

"ಏ, ಸುಮ್ನಿರು ತಾಯಿ" ಎಂದ ಅಣ್ಣ, ಅತಿಥಿಗಳ ಕಡೆ ನಗುತ್ತಲೇ.

ಯಜಮಾನರು ಹೊಡೆದರು. ಠಣ್ ಎಂದಿತು, ಅಷ್ಟೆ. ಇನ್ನೊಮ್ಮೆ ಹೊಡೆದರು. ಸುತ್ತಿಗೆ ಪುಟಿದು ಅವರ ಹೆಬ್ಬೆರಳಿಗೆ ತಾಗಿತು. ಅವರ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. "ನಿಮಗೆ ಬುದ್ಧಿ ಕಲಿಸೋಕೆ ಈ ಹಕ್ಕಿನೇ ಸರಿ!" ಅಣ್ಣನ ಹಣೆಯಲ್ಲಿ ಬೆವರು. ಸರ್ರನೆ ಹೋಗಿ ಉಪಕರಣದ ಪೆಟ್ಟಿಗೆಯಿಂದ ದೊಡ್ಡ ಸುತ್ತಿಗೆ ತಂದ. ನಾನು ಅವನ ತೋಳು ಹಿಡಿದೆ, ಕೊಡವಿಕೊಂಡ. ಅತ್ತಿಗೆ ಹಿತ್ತಲಿನಿಂದ ಬಂದು ಬಾಗಿಲಲ್ಲಿ ನಿಂತದ್ದೂ ಅಣ್ಣ ಸುತ್ತಿಗೆ ಬೀಸಿದ್ದೂ ಒಟ್ಟಿಗೇ ಆಯಿತು. ಅತ್ತಿಗೆ "ರೀ" ಎಂದದ್ದು ನನಗೆ ಮಾತ್ರ ಕೇಳಿಸಿತು.

ಕಾಗೆ ಒಡೆಯಿತು. ತಟ್ಟೆಯೂ ಒಡೆಯಿತು. ಒಳಗೆ ಏನೂ ಇರಲಿಲ್ಲ.

"ಅಮ್ಮಾ, ಆಲೂಗಡ್ಡೆ ಹಾಕೋದನ್ನೇ ಮರೆತ್ರಾ?" ಎಂದರು ಯಜಮಾನರು. ಎಲ್ಲರೂ ಗೊಳ್ಳೆಂದು ನಕ್ಕರು. ಅಣ್ಣನೂ ಜೀವ ಬಂದವನ ಹಾಗೆ ನಕ್ಕು, ತನ್ನ ಪಾಲಿನ ಹಕ್ಕಿಯನ್ನು ಅವರ ಮುಂದಕ್ಕೆ ತಳ್ಳಿದ. ಆದರೆ ಯಜಮಾನರು ನಗುತ್ತಲೇ ಒಂದು ಚೂರನ್ನು ಎತ್ತಿ ಅದರ ಅಂಚು ನೋಡಿದರು. ಉಗುರಿನಿಂದ ಕೆರೆದರು. ಅವರ ನಗು ನಿಂತಿತು.

"ಇದು ಬೆಂದಿದೆಯಲ್ಲ! ಯಾರು ಸುಟ್ಟಿದ್ದು ಇದನ್ನ?"

"ನಾನೇ ಸಾರ್" ಎಂದರು ಅತ್ತಿಗೆ. ಮೂರು ದಿನ ಕಲಿತ ಪಾಠದಲ್ಲಿ ಈ ಪ್ರಶ್ನೆ ಇರಲಿಲ್ಲ. "ನಾನು ಮೊದ್ಲು ನಿಮ್ಮಲ್ಲೇ ಕಿವಿ ಅಂಟಿಸೋ ಕಡೆ ಇದ್ದೆ. ಮಾದರಿ ಕೋಣೆಗೆ ಜನ ಬೇಕು ಅಂತ ಗೊತ್ತಾಯ್ತು. ಅದಕ್ಕೇ ಇದನ್ನ ಮಾಡಿದ್ದೆ. ನಿಮಗೆ ತೋರಿಸೋಕೆ."

ಹೇಳಿಬಿಟ್ಟರು! ಎಲ್ಲರ ಎದುರಿಗೆ, ತೊದಲದೆ. ಯಜಮಾನರು ಕಾಗೆಯ ತಲೆಯ ಚೂರನ್ನು ಹುಡುಕಿ ಅಂಗೈಯಲ್ಲಿಟ್ಟುಕೊಂಡು ನೋಡಿದರು. "ಒಳ್ಳೇ ಕೈ ಕಣಮ್ಮ" ಎಂದರು. "ಎಷ್ಟು ಸಮವಾಗಿ ತೆಳು ಮಾಡಿದೀರಿ. ನಿಮ್ಮಂಥೋರೇ ನಮಗೆ ಬೇಕು."

ಅತ್ತಿಗೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಯಜಮಾನರು ಅಣ್ಣ ತಳ್ಳಿದ ಹಕ್ಕಿಗೆ ಟಪ್ ಎಂದು ಬಡಿದು, ಹಬೆಗೆ ಮೂಗೊಡ್ಡಿ, ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಕಣ್ಣು ತೆರೆದಾಗ ಅವರ ಮುಖ ಅರಳಿತ್ತು.

"ಹೊಸ ಮಳಿಗೆಗೆ ಭಾನುವಾರ ದೂರದೂರದಿಂದ ಕೊಳ್ಳೋರು ಬರ್ತಾರೆ. ಅವರಿಗೆ ಏನು ತಿನ್ಸೋದು ಅಂತ ನಾವು ತಲೆ ಕೆಡಿಸ್ಕೊಂಡಿದ್ವಿ. ನೀವು ಬಂದು ಇದನ್ನೇ ಮಾಡಿ ತಾಯಿ. ಗಾಜಿನ ಗೋಡೆ ಹಿಂದೆ ಒಂದು ಒಲೆ ಹಾಕಿಸ್ತೀನಿ. ಜನ ನಿಂತು ನೋಡ್ಬೇಕು, ಆಮೇಲೆ ಒಡೆದು ತಿನ್ಬೇಕು."

"ಮಾದರಿ ಕೋಣೆ..." ಎಂದರು ಅತ್ತಿಗೆ.

"ಅಯ್ಯೋ, ಅದಕ್ಕೆ ಯಾರಾದ್ರೂ ಸಿಗ್ತಾರೆ ಬಿಡಿ. ಈ ಕೈರುಚಿ ಯಾರಿಗಿದೆ?"

"ಆಗಲಿ ಸಾರ್!" ಎಂದ ಅಣ್ಣ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. "ನೋಡೇ, ನೀನು ಕೇಳಿದ್ದು ಒಂದು, ಸಿಕ್ಕಿದ್ದು ಎರಡು! ಕಾರ್ಖಾನೆಗೂ ಹೋದ ಹಾಗಾಯ್ತು!" ಯಜಮಾನರ ಹೆಂಡತಿ ಎದ್ದು ಬಂದು ಅತ್ತಿಗೆಯನ್ನು ತಬ್ಬಿಕೊಂಡರು. ಮ್ಯಾನೇಜರು ಚಪ್ಪಾಳೆ ತಟ್ಟಿದರು. ನಾನು ಅತ್ತಿಗೆಯನ್ನೇ ನೋಡುತ್ತಿದ್ದೆ. ಅವರು ಎಲ್ಲರಿಗೂ ಮುಗುಳ್ನಕ್ಕು, ಒಡೆದ ತಟ್ಟೆಯನ್ನು ಎತ್ತಿಕೊಂಡು ಆ ಕಿಟಕಿಯಿಲ್ಲದ ಕೋಣೆಗೆ ಹೋದರು.

ಭಾನುವಾರ ಬೆಳಗ್ಗೆ ನಾನು ಹಿತ್ತಲಿಗೆ ಹೋದಾಗ ಅವರು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎಲ್ಲ ಚೂರುಗಳ ಜೊತೆ ಕಾಗೆಯ ಚೂರುಗಳೂ ನೀರಿಗೆ ಬಿದ್ದಿದ್ದವು. ಉಳಿದದ್ದೆಲ್ಲ ಕೆಸರಾಗಿತ್ತು. ಇವು ಮಾತ್ರ ಕೈಗೆ ಚುಚ್ಚುತ್ತಿದ್ದವು. ಅತ್ತಿಗೆ ಒಂದೊಂದನ್ನೇ ಆರಿಸಿ ತೆಗೆದು ಹೊರಗೆ ಹಾಕುತ್ತಿದ್ದರು. ಹೆಬ್ಬೆರಳಿಗೆ ತಾಗಿ ರಕ್ತ ಬಂದಿತ್ತು.

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ಆಗಲ್ಲ ಅಂತ ಒಂದು ಮಾತು ಯಾಕೆ ಹೇಳ್ಲಿಲ್ಲ ನೀವು? ಬಾಯಿರಲಿಲ್ವಾ?"

ಅವರು ತಲೆಯೆತ್ತಲಿಲ್ಲ. "ಯಾರಿಗೆ ಹೇಳ್ಲಿ ಪುಟ್ಟೀ? ಯಾರೂ ಬೈತಾ ಇರಲಿಲ್ವಲ್ಲ. ಎಲ್ಲರೂ ಹೊಗಳ್ತಾ ಇದ್ರು."

ಈಗ ಶನಿವಾರ ನಮ್ಮ ಮನೆಯಲ್ಲಿ, ಭಾನುವಾರ ಗಾಜಿನ ಗೋಡೆಯ ಹಿಂದೆ. ಆ ಗಾಜನ್ನು ಹಾಕಿದ್ದು ಅಣ್ಣನ ಕಂಪನಿಯೇ. ನಾನು ಒಮ್ಮೆ ಹೋಗಿ ನೋಡಿದೆ. ಅತ್ತಿಗೆ ಬಿಳಿ ಟೋಪಿ ಹಾಕಿಕೊಂಡು ಒಳಗೆ ಮಣ್ಣು ಲಟ್ಟಿಸುತ್ತಿದ್ದರು, ಜನ ಹೊರಗೆ ಮೂಗೊತ್ತಿಕೊಂಡು ನಿಂತಿದ್ದರು. ಅಂಗಳದಾಚೆ ಮಾದರಿ ಕೋಣೆಯ ಬಾಗಿಲು ಕಾಣುತ್ತಿತ್ತು. ಅತ್ತಿಗೆ ಆ ಕಡೆಗೆ ಬೆನ್ನು ಮಾಡಿ ನಿಂತಿದ್ದರು. ಗಾಜು ದಪ್ಪ, ಒಳಗಿನ ಮಾತು ಹೊರಗೆ ಕೇಳುವುದಿಲ್ಲ. ನಾನು ಕೈ ಬೀಸಿ ಬಂದೆ.

ಆದರೆ ಹೇಳಬೇಕಾದದ್ದು ಆ ಊಟದ ಮುಂದಿನ ಶನಿವಾರದ್ದು. ಅವತ್ತು ಅತ್ತಿಗೆ ಹಕ್ಕಿ ಮಾಡಲಿಲ್ಲ. ಆಲೂಗಡ್ಡೆಗೆ ಮಣ್ಣು ಸುತ್ತಿ ಉಂಡೆ ಕಟ್ಟಿ ಇಟ್ಟರು, ಅಷ್ಟೆ. ಕೊಕ್ಕಿಲ್ಲ, ರೆಕ್ಕೆಯಿಲ್ಲ, ಬಾಚಣಿಗೆಯ ಗೆರೆಯಿಲ್ಲ. ಬಾಲವಿಲ್ಲದ್ದರಿಂದ ತೂತು ಎಲ್ಲೋ ಒಂದು ಕಡೆ. ನಾನು ತಟ್ಟೆಗಳನ್ನು ಹೊರಗೆ ತಂದಿಟ್ಟೆ. ಮನಸ್ಸಿನಲ್ಲಿ ಒಂಥರಾ ಖುಷಿ. ಈಗ ಗೊತ್ತಾಗುತ್ತದೆ ಇವರಿಗೆ, ಈಗ ಕೇಳಲಿ ಎಂದುಕೊಂಡೆ. ಬಂದ ನಾಲ್ವರಲ್ಲಿ ಇಬ್ಬರು ಹಿಂದೆಯೂ ಬಂದವರು, ಒಡೆಯೋಕೆ ಮನಸ್ಸೇ ಬರಲ್ಲ ಎಂದಿದ್ದವರು. ನಾನು ಅವರ ಮುಖಗಳನ್ನೇ ನೋಡುತ್ತಾ ನಿಂತೆ.

ಅಣ್ಣ ಎದ್ದು ಭಾಷಣ ಮಾಡಿದ. ಸುತ್ತಿಗೆಗಳು ಏಳುತ್ತಾ ಬೀಳುತ್ತಾ ಹೋದವು, ಹಬೆ ಎದ್ದಿತು, ಆಹಾ ಓಹೋ ಎಂದರು, ಇನ್ನೊಂದಿದೆಯಾ ಎಂದು ಕೇಳಿದರು. ಹಕ್ಕಿ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಅತಿಥಿಗಳು ಹೋದಮೇಲೆ ಅಣ್ಣ ಅಡುಗೆಮನೆಗೆ ಬಂದ. ಈಗಲಾದರೂ ಕೇಳುತ್ತಾನೆ ಎಂದು ನಾನೂ ಹಿಂದೆಯೇ ಬಂದೆ. ಅವನು ಅತ್ತಿಗೆಯ ಬೆನ್ನು ತಟ್ಟಿ ಪ್ರೀತಿಯಿಂದಲೇ ಹೇಳಿದ:

"ಇವತ್ತು ಎಲ್ಲಾ ಬೇಗ ಆಯ್ತಲ್ಲೇ. ಹೀಗೇ ಮಾಡು."